ಲಾರಿಯ ಹಾದಿಯಲ್ಲಿ ಪರಿಹಾರದ ನ್ಯಾಯ

ನಿಜಾಮರ ಆಳ್ವಿಕೆಯಲ್ಲಿಯೇ ಕೈಗಾರಿಕಾ ಕ್ಷೇತ್ರವಾಗಿ ರೂಪುಗೊಂಡು, 1942ರಲ್ಲಿ ಸ್ಥಾಪಿತವಾದ ಆಲ್ವಿನ್ ಕಾರ್ಖಾನೆಯಿಂದ ಪ್ರಸಿದ್ಧಿವಡೆದ ಹೈದರಾಬಾದಿನ ಸನತ್‌ನಗರದಂತಹ ಬಡಾವಣೆಗಳಲ್ಲಿ, ಸರಕಿನ ಲಾರಿಗೆ ಸಿಕ್ಕಿ ಶ್ರಮಜೀವಿಯೊಬ್ಬನು ಮಡಿದರೆ, ಅವನ ಆಶ್ರಿತರು ಪರಿಹಾರಕ್ಕಾಗಿ ಸಿವಿಲ್ ನ್ಯಾಯಾಲಯದ ದೀರ್ಘ ವ್ಯಾಜ್ಯವನ್ನೇ ನೆಚ್ಚಬೇಕಾಗಿದ್ದ ಕಾಲವೊಂದಿತ್ತು.

ಈ ನಗರವು ಆಂಧ್ರಪ್ರದೇಶದ ರಾಜಧಾನಿಯಾದ 1956ರಲ್ಲಿಯೇ, 1939ರ ಮೋಟಾರು ವಾಹನ ಅಧಿನಿಯಮಕ್ಕೆ ತಿದ್ದುಪಡಿಯಾಗಿ ಪ್ರತ್ಯೇಕ ನ್ಯಾಯಾಧಿಕರಣಗಳಿಗೆ ಅವಕಾಶವಾಯಿತು. ಚಾಲಕನ ತಪ್ಪನ್ನು ಸಾಧಿಸದೆಯೇ ಅಲ್ಪಮೊತ್ತವನ್ನಾದರೂ ಪಡೆಯುವ ಹಕ್ಕು 1982ರಲ್ಲಿ ಬಂದಿತು. ನನ್ನ ದೃಷ್ಟಿಯಲ್ಲಿ ಇದೇ ಮಹತ್ತರವಾದುದು, ಏಕೆಂದರೆ ಸತ್ತವನು ಸಾಕ್ಷಿ ನುಡಿಯಲಾರನು. ಮೃತನ ಆದಾಯ, ವಯಸ್ಸು, ಆಶ್ರಿತರ ಸಂಖ್ಯೆಗಳಿಂದ ಮೊತ್ತವನ್ನು ಗಣಿಸುವ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಏಕರೂಪಗೊಳಿಸಿತು.

ಲೋಕ ಅದಾಲತ್ತಿನಲ್ಲಿ ರಾಜಿಗೆ ಒಪ್ಪುವ ಕುಟುಂಬಗಳು ಈ ಗಣನೆಯನ್ನು ಮೊದಲು ವಕೀಲರಿಂದ ತಿಳಿದುಕೊಂಡು, ಅನಂತರವೇ ಸಹಿ ಹಾಕಬೇಕೆಂದು ವಿನಂತಿಸುತ್ತೇನೆ.