ಜೀವರಸಾಯನಶಾಸ್ತ್ರದ ಬಾಗಿಲು ತೆರೆದ ಬಗೆ

ನಮ್ಮ ಶಾಲೆಯು ನೂರು ವರ್ಷಗಳನ್ನು ಪೂರೈಸಿರುವ ಈ ಶುಭಸಂದರ್ಭದಲ್ಲಿ, ಹೆಚ್ಚುಕಡಿಮೆ ಅಷ್ಟೇ ವಯಸ್ಸಿನ ಒಂದು ವಿದ್ಯಾಶಾಖೆಯ ಇತಿಹಾಸವನ್ನು ನೆನೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ. ಜೀವಕೋಶಗಳೊಳಗಿನ ರಾಸಾಯನಿಕ ವ್ಯಾಪಾರಗಳನ್ನು ಅರಿಯುವ ಶಾಸ್ತ್ರವೇ ಜೀವರಸಾಯನಶಾಸ್ತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅದಕ್ಕೆ ಪ್ರತ್ಯೇಕ ವಿಭಾಗ ಆರಂಭವಾದದ್ದು 1921ರಲ್ಲಿ.

1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವಿ ಪರೀಕ್ಷೆಯಲ್ಲಿ ಪ್ರಥಮಸ್ಥಾನ ಪಡೆದ ಕಮಲಾ ಭಾಗವತ ಅವರು ಈ ಸಂಸ್ಥೆಗೆ ಅರ್ಜಿ ಸಲ್ಲಿಸಿದರು. ಅವರ ತಂದೆ ಅಲ್ಲಿಯೇ ಕಲಿತವರು. ಆದರೂ ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕರಾದ ಸಿ.ವಿ. ರಾಮನ್ ಅವರು ಪ್ರವೇಶವನ್ನು ನಿರಾಕರಿಸಿದರು. ಕಮಲಾ ಹಿಂಜರಿಯಲಿಲ್ಲ. ಒಂದು ವರ್ಷ ಪರೀಕ್ಷಾರ್ಥವಾಗಿ ದುಡಿಯಬೇಕೆಂಬ ಷರತ್ತಿಗೆ ಒಪ್ಪಿ, ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಹಾಗೂ ಬೇಳೆಕಾಳುಗಳಲ್ಲಿನ ಪ್ರೋಟೀನುಗಳನ್ನು ಅಭ್ಯಸಿಸಿದರು. ವರ್ಷ ಕಳೆಯುವಷ್ಟರಲ್ಲಿ ಅವರ ಕೆಲಸವೇ ರಾಮನ್ ಅವರ ಮನಸ್ಸನ್ನು ಬದಲಿಸಿತು. ಮುಂದೆ ಇತರ ವಿದ್ಯಾರ್ಥಿನಿಯರಿಗೂ ಅಲ್ಲಿ ಹಾದಿ ತೆರೆಯಿತು.

ಬಳಿಕ ಕೇಂಬ್ರಿಜ್ ಸೇರಿದ ಕಮಲಾ, ಆಲೂಗಡ್ಡೆಯನ್ನು ಪರೀಕ್ಷಿಸುತ್ತ, ಸಸ್ಯಗಳ ಉಸಿರಾಟದಲ್ಲಿ ಪಾತ್ರ ವಹಿಸುವ ಸೈಟೋಕ್ರೋಮ್ ಸಿ ಎಂಬ ಪ್ರೋಟೀನನ್ನು ಗುರುತಿಸಿದರು. 1939ರಲ್ಲಿ ಡಾಕ್ಟರೇಟ್ ಪಡೆದು, ವಿಜ್ಞಾನದಲ್ಲಿ ಆ ಪದವಿ ಗಳಿಸಿದ ಮೊದಮೊದಲ ಭಾರತೀಯ ಮಹಿಳೆಯರಲ್ಲಿ ಒಬ್ಬರೆಂದು ಹೆಸರಾದರು. ಮದುವೆಯ ನಂತರ ಕಮಲಾ ಸೊಹೊನಿಯಾದ ಅವರು ಮುಂಬಯಿಯಲ್ಲಿ ಅಧ್ಯಾಪಕಿಯಾಗಿ, ಬಡವರ ಆಹಾರದ ಕೊರತೆಯನ್ನು ನೀಗಿಸಲು ನೀರಾದ ಪೋಷಕಗುಣವನ್ನು ಸಂಶೋಧಿಸಿದರು.

ಈ ಶಾಸ್ತ್ರ ನಮಗೇನೂ ದೂರದ್ದಲ್ಲ. 1962ರಲ್ಲಿ ಮಿರಜದಲ್ಲಿ ಸ್ಥಾಪನೆಯಾದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಮೊದಲ ವರ್ಷವೇ ಅದನ್ನು ಕಲಿಯಬೇಕು. ಆದರೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಅಲ್ಲಿಯವರೆಗೆ ಹೋದೀತೆ ಎಂಬ ಶಂಕೆ ಗಡಿಭಾಗದ ಎಷ್ಟೋ ಪಾಲಕರನ್ನು ಕಾಡುತ್ತದೆ. ಇಂಗ್ಲಿಷಿನ ಪಾರಿಭಾಷಿಕ ಪದಗಳು ಮೊದಮೊದಲು ತೊಡಕೆನಿಸುವುದು ನಿಜ. ಅವುಗಳನ್ನು ಮೊದಲೇ ಪರಿಚಯಿಸುವ ಹೊಣೆ ಶಾಲೆಯದು. ಆದರೆ ಜೋಳದ ರೊಟ್ಟಿಯನ್ನು ಅಗಿಯುತ್ತಿದ್ದಂತೆ ಸಿಹಿಯೆನಿಸುವುದು ಜೊಲ್ಲಿನಲ್ಲಿರುವ ಕಿಣ್ವದಿಂದ ಎಂದು ತಾಯ್ನುಡಿಯಲ್ಲಿ ಅರಿತವನಿಗೆ, ಅದರ ಹೆಸರು ಎನ್‌ಜೈಮ್ ಎಂದಾಗ ಕಲಿಯಲು ಉಳಿಯುವುದು ಪದ ಮಾತ್ರ. ಅರ್ಥ ಆಗಲೇ ಅವನದಾಗಿರುತ್ತದೆ.

ಹೆಣ್ಣೆಂದು ಮೊದಲೇ ತೀರ್ಮಾನಿಸಿದ್ದು ತಪ್ಪೆಂದು ಕಮಲಾ ತೋರಿಸಿದರು. ಮಾಧ್ಯಮವನ್ನು ನೋಡಿ ಮಗುವಿನ ಅಳತೆಯನ್ನು ಮೊದಲೇ ನಿರ್ಧರಿಸುವುದೂ ಅದೇ ಬಗೆಯ ತಪ್ಪು. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಶಾಲೆಯು ಆ ತಪ್ಪಿಗೆ ಎಡೆಗೊಡದಿರಲಿ.