ನಿಲ್ಲಬೇಕಾದ ಗಳಿಗೆ

ಅತಿಯಾದರೆ ಅಮೃತವೂ ವಿಷವೆಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಊಟಕ್ಕೆ, ಕುಡಿತಕ್ಕೆ ಅನ್ವಯಿಸುತ್ತೇವೆ. ಆದರೆ ಮಿತಿಮೀರುವ ಅಪಾಯವು ದುಶ್ಚಟಗಳಲ್ಲಿ ಮಾತ್ರವಲ್ಲ, ನಮ್ಮ ಸಾಮರ್ಥ್ಯದಲ್ಲಿಯೂ ಅಡಗಿದೆ. ಹಾಸನ ಸೀಮೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಹಳ್ಳಿಮೈಸೂರು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಈ ನೆಲವು ಒಮ್ಮೆ ಹೊಯ್ಸಳರ ನಾಡು. ಇಂದಿನ ಹಳೇಬೀಡೇ ಅವರ ರಾಜಧಾನಿ ದೋರಸಮುದ್ರ. 1292ರಲ್ಲಿ ಪಟ್ಟಕ್ಕೆ ಬಂದ ಮೂರನೆಯ ವೀರಬಲ್ಲಾಳನು ಧೀರನೆಂಬುದರಲ್ಲಿ ಸಂದೇಹವಿಲ್ಲ. ನಾಡನ್ನು ಕಾಯಲು ಹೋರಾಡುವುದು ಅರಸನ ಧರ್ಮವೂ ಹೌದು. ಆದರೆ ಒಂದು ಯುದ್ಧ ಮತ್ತೊಂದನ್ನು ಕರೆಯಿತು. ಪಾಂಡ್ಯ ಸೋದರರಾದ ಸುಂದರ ಮತ್ತು ವೀರರು ಸಿಂಹಾಸನಕ್ಕಾಗಿ ಕಚ್ಚಾಡುತ್ತಿದ್ದಾಗ, ಅದರ ಲಾಭ ಪಡೆಯಲು ಬಲ್ಲಾಳನು ಸೇನೆಯೊಂದಿಗೆ ದಕ್ಷಿಣಕ್ಕೆ ತೆರಳಿದನು. ಇತ್ತ 1311ರಲ್ಲಿ ದೆಹಲಿಯ ಸೇನಾನಿ ಮಲಿಕ್ ಕಾಫರ್ ದೋರಸಮುದ್ರವನ್ನು ಮುತ್ತಿದನು. ಧಾವಿಸಿ ಬಂದ ಅರಸನು ಆನೆ, ಕುದುರೆ, ಭಂಡಾರಗಳನ್ನು ಒಪ್ಪಿಸಿ ಶರಣಾಗಬೇಕಾಯಿತು. ಪರರ ಮನೆಯ ಜಗಳಕ್ಕೆ ಹೋದವನ ಮನೆಯೇ ಬರಿದಾಯಿತು.

ಯುದ್ಧ ಅಲ್ಲಿಗೂ ನಿಲ್ಲಲಿಲ್ಲ. ಮುಂದೆ ತಿರುವಣ್ಣಾಮಲೆಯನ್ನು ನೆಲೆಯಾಗಿಸಿಕೊಂಡು ಆತನು ಮಧುರೆಯ ಸುಲ್ತಾನರೊಡನೆ ಕಾದಾಡಿದನು. 1342ರ ಸುಮಾರಿಗೆ ಕಣ್ಣನೂರಿನ ಮುತ್ತಿಗೆಯಲ್ಲಿ ಸೆರೆಸಿಕ್ಕು ಹತನಾದಾಗ ಆತನಿಗೆ ಎಂಬತ್ತು ವರ್ಷವೆಂದು ಪ್ರವಾಸಿ ಇಬ್ನ್ ಬತೂತಾ ಬರೆದಿದ್ದಾನೆ. ಕೆಲವೇ ವರ್ಷಗಳಲ್ಲಿ ಹೊಯ್ಸಳರ ನಾಡು ವಿಜಯನಗರದಲ್ಲಿ ಸೇರಿಹೋಯಿತು.

ಇದೇ ಸೀಮೆಯ ಶ್ರವಣಬೆಳಗೊಳದಲ್ಲಿ, ಸುಮಾರು 981ರಲ್ಲಿ ಚಾವುಂಡರಾಯನು ನಿಲ್ಲಿಸಿದ ಬಾಹುಬಲಿಯ ವಿಗ್ರಹವಿದೆ. ಜೈನರ ಕಥೆಯಂತೆ, ಅಣ್ಣ ಭರತನನ್ನು ಮೇಲೆತ್ತಿ ಹಿಡಿದು ಗೆಲುವು ಕೈಗೆ ಬಂದ ಗಳಿಗೆಯಲ್ಲೇ ಆತನು ಹೋರಾಟವನ್ನು ಕೈಬಿಟ್ಟನು. ಸೋತವನು ನಿಲ್ಲುವುದು ಅನಿವಾರ್ಯ. ಗೆಲ್ಲುತ್ತಿರುವವನು ನಿಲ್ಲುವುದು ಸಂಯಮ.

ಹೊಯ್ಸಳರ ಕಾಲದಲ್ಲಿಯೇ ಯೂರೋಪಿನಲ್ಲಿ ಬಾಳಿದ ಸಂತ ತೋಮಸ್ ಅಕ್ವಿನಾಸರು ವಿವೇಕ, ನ್ಯಾಯ, ಸ್ಥೈರ್ಯಗಳ ಜೊತೆಗೆ ಮಿತಸಂಯಮವನ್ನೂ ಮೂಲಸದ್ಗುಣವೆಂದು ವಿವರಿಸಿದರು. ಜನರು ತಮ್ಮನ್ನು ಅರಸನನ್ನಾಗಿಸಲು ಬಂದಾಗ ಯೇಸುಸ್ವಾಮಿ ಒಬ್ಬರೇ ಬೆಟ್ಟಕ್ಕೆ ಸರಿದರು. ಸಬ್ಬತ್ ದಿನದ ವಿಶ್ರಾಂತಿಯೂ ದುಡಿಮೆಯೆಂಬ ಒಳಿತಿಗೇ ದೇವರು ಹಾಕಿದ ಎಲ್ಲೆ.

ಪ್ರಿಯ ಓದುಗರೇ, ತಪಸ್ಸುಕಾಲದಲ್ಲಿ ನಾವು ಮಾಂಸವನ್ನೋ ಸಿಹಿಯನ್ನೋ ತ್ಯಜಿಸುತ್ತೇವೆ. ವ್ಯಾಪಾರ, ಸಂಘಟನೆ, ಸಮಾಜಸೇವೆಯೆಂದು ಸದಾ ಹೊರಗಿರುವ ನಾವು, ಈ ಓಡಾಟದ ನಡುವೆ ಕಾವಲಿಲ್ಲದೆ ಉಳಿದಿರುವ ನಮ್ಮ ದೋರಸಮುದ್ರ ಯಾವುದೆಂದೂ ಕೇಳಿಕೊಳ್ಳೋಣ. ಅದು ಮನೆಯ ಮಕ್ಕಳಾಗಿರಬಹುದು, ವೃದ್ಧ ತಂದೆತಾಯಿಯರಾಗಿರಬಹುದು, ನಿಂತುಹೋದ ಸಂಜೆಯ ಪ್ರಾರ್ಥನೆಯೂ ಆಗಿರಬಹುದು.