ಚಪ್ಪಟೆ ತೆರೆಯ ದೂರದರ್ಶನವೂ ಕನ್ನಡನಾಡೂ

ಒಂದು ವಸ್ತುವು ಲೋಕದಲ್ಲಿ ಸುಲಭವಾದ ಮೇಲೆ ಅದು ದುರ್ಲಭವಾಗಿದ್ದ ಕಾಲವನ್ನು ಜನರು ಮರೆಯುವುದು ಸಹಜ. ಪಡಸಾಲೆಯ ಗೋಡೆಯಲ್ಲಿ ಚಿತ್ರಪಟದಂತೆ ತೂಗುವ ಚಪ್ಪಟೆ ತೆರೆಯ ದೂರದರ್ಶನಯಂತ್ರವು ಈಗ ಅಂಥ ವಸ್ತುಗಳಲ್ಲೊಂದಾಗಿರುವುದು. ಸಾಧಾರಣ ಗೃಹಸ್ಥನು ಸಂತೆಗೆ ಹೋಗಿಬರುವಷ್ಟು ಹೊತ್ತಿನಲ್ಲಿ ಅದನ್ನು ಕೊಂಡು ತರುತ್ತಾನೆ. ಈ ಯಂತ್ರವನ್ನು ಕುರಿತು ವಿದ್ಯಾವಂತರಲ್ಲಿಯೂ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ವರ್ತಕರ ಪೈಪೋಟಿಯೊಂದರಿಂದಲೇ ಇದು ಅಗ್ಗವಾಯಿತೆಂಬುದು ಮೊದಲನೆಯದು. ಇದರ ಪೂರ್ವಚರಿತ್ರೆಯಲ್ಲಿ ಕನ್ನಡನಾಡಿಗೆ ಯಾವ ಪಾಲೂ ಇಲ್ಲ, ಕೊಳ್ಳುವುದಷ್ಟೇ ಇಲ್ಲಿಯವರ ಕೆಲಸವೆಂಬುದು ಎರಡನೆಯದು. ಇವೆರಡೂ ಪರೀಕ್ಷೆಗೆ ನಿಲ್ಲತಕ್ಕವಲ್ಲವೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

೧

ಮೊದಲು ಹೆಸರಿನ ವಿಚಾರ. ‘ಟೆಲಿವಿಷನ್’ ಎಂಬ ಶಬ್ದವನ್ನು ಕ್ರಿ. ಶ. ೧೯೦೦ರಲ್ಲಿ ಪ್ಯಾರಿಸ್ ನಗರದ ವಿದ್ಯುತ್ಪರಿಷತ್ತಿನಲ್ಲಿ ಕಾನ್‌ಸ್ಟಾಂಟಿನ್ ಪೆರ್‌ಸ್ಕಿ ಎಂಬ ರಷ್ಯದ ವಿದ್ವಾಂಸನು ಬಳಸಿದನು. ಇದರ ಪೂರ್ವಪದವು ಗ್ರೀಕ್, ಉತ್ತರಪದವು ಲ್ಯಾಟಿನ್. ಸಂಸ್ಕೃತಕ್ಕೂ ಕನ್ನಡಕ್ಕೂ ಮಾಡಿದ ಇಂಥ ಜೋಡಣೆಯನ್ನು ಕನ್ನಡ ವೈಯಾಕರಣರು ಅರಿಸಮಾಸವೆಂದು ಕರೆದು, ಪೂರ್ವಕವಿಪ್ರಯೋಗವಿದ್ದ ಕಡೆಯಲ್ಲಿ ಮಾತ್ರ ಒಪ್ಪಿಕೊಂಡರು. ‘ದೂರದರ್ಶನ’ವಾದರೋ ಶುದ್ಧ ಸಮಾಸ. ಆದರೆ ೧೯೭೬ರ ಏಪ್ರಿಲ್ ೧ರಂದು ದೂರದರ್ಶನವು ಆಕಾಶವಾಣಿಯಿಂದ ಬೇರ್ಪಟ್ಟು ಪ್ರತ್ಯೇಕ ಸಂಸ್ಥೆಯಾದುದರಿಂದ ಆ ಶಬ್ದಕ್ಕೆ ಸಂಸ್ಥೆಯ ಹೆಸರೆಂಬ ಅರ್ಥವೇ ಬಲವಾಯಿತು. ಯಂತ್ರಕ್ಕೆ ಜನರ ಬಾಯಲ್ಲಿ ‘ಟೀವಿ’ ಎಂಬ ಎರಡಕ್ಷರಗಳೇ ನಿಂತವು. ಶಾಸ್ತ್ರಶುದ್ಧಿಗಿಂತ ರೂಢಿಯು ಬಲವತ್ತರವೆಂಬುದಕ್ಕೆ ಇದೊಂದು ನಿದರ್ಶನ.

೨

ಯಂತ್ರದ ಮೂಲವು ಹತ್ತೊಂಬತ್ತನೆಯ ಶತಮಾನಕ್ಕೆ ಸೇರಿದುದು. ಚಿತ್ರವನ್ನು ರೇಖೆರೇಖೆಯಾಗಿ ಬಿಡಿಸುವ ರಂಧ್ರಚಕ್ರವನ್ನು ಜರ್ಮನಿಯ ಪಾಲ್ ನಿಪ್ಕೋ ಎಂಬವನು ೧೮೮೪ರಲ್ಲಿ ಕಲ್ಪಿಸಿದನು. ೧೮೯೭ರಲ್ಲಿ ಕಾರ್ಲ್ ಫರ್ಡಿನಂಡ್ ಬ್ರೌನನು ಕ್ಯಾಥೋಡ್ ಕಿರಣದ ನಳಿಗೆಯನ್ನು ನಿರ್ಮಿಸಿದನು. ೧೯೨೬ರ ಜನವರಿ ೨೬ರಂದು ಜಾನ್ ಲಾಗಿ ಬೇರ್ಡನು ಲಂಡನ್ನಿನಲ್ಲಿ ವಿದ್ವಜ್ಜನರ ಮುಂದೆ ಚಲಿಸುವ ಚಿತ್ರವನ್ನು ತೋರಿಸಿದನು. ಭಾರತದಲ್ಲಿ ಪ್ರಾಯೋಗಿಕ ಪ್ರಸಾರವು ದೆಹಲಿಯಲ್ಲಿ ೧೯೫೯ರ ಸೆಪ್ಟೆಂಬರ್ ೧೫ರಂದು ಆರಂಭವಾಯಿತು.

ಕನ್ನಡನಾಡಿಗೆ ದೂರದರ್ಶನವು ಬಂದ ಬಗೆ ಗಮನಾರ್ಹವಾಗಿದೆ. ೧೯೭೫ರ ಆಗಸ್ಟ್‌ನಿಂದ ೧೯೭೬ರ ಜುಲೈವರೆಗೆ ಅಮೆರಿಕದ ಉಪಗ್ರಹವೊಂದರ ಸಹಾಯದಿಂದ ಆರು ರಾಜ್ಯಗಳ ಸುಮಾರು ೨೪೦೦ ಗ್ರಾಮಗಳಿಗೆ ಶಿಕ್ಷಣಪ್ರಸಾರವು ನಡೆಯಿತು. ಅವುಗಳಲ್ಲಿ ಕರ್ನಾಟಕದ ಉತ್ತರಭಾಗದ ಗ್ರಾಮಗಳೂ ಸೇರಿದ್ದವು. ಕಾರ್ಯಕ್ರಮಗಳು ಕನ್ನಡದಲ್ಲಿಯೂ ಬಂದವು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ ಬೋಗುಣಿಯಾಕಾರದ ಗ್ರಾಹಕವು ಆಕಾಶದಿಂದ ಬಂದ ಸಂಕೇತವನ್ನು ಹಿಡಿಯುತ್ತಿತ್ತು. ಊರಿಗೆಲ್ಲ ಒಂದೇ ಪೆಟ್ಟಿಗೆ. ಅದರ ಮುಂದೆ ಊರೇ ಕುಳಿತು ನೋಡುವುದು. ಎಂದರೆ ಇಲ್ಲಿಯ ಅನೇಕ ಹಳ್ಳಿಗಳಲ್ಲಿ ಈ ಯಂತ್ರವು ಮೊದಲು ಬಂದುದು ಮನೆಯ ಸೊತ್ತಾಗಿ ಅಲ್ಲ, ಊರಿನ ಸೊತ್ತಾಗಿ.

೧೯೮೨ರಲ್ಲಿ ವರ್ಣಪ್ರಸಾರವು ಮೊದಲಾಯಿತು. ೧೯೮೭ರ ಜನವರಿಯಿಂದ ೧೯೮೮ರ ಜುಲೈವರೆಗೆ ಭಾನುವಾರಗಳಂದು ರಾಮಾಯಣವು ಪ್ರಸಾರವಾದಾಗ ಪೆಟ್ಟಿಗೆಯಿದ್ದ ಮನೆಗೆ ಇಲ್ಲದ ಮನೆಯವರು ಬಂದು ಕೂಡುತ್ತಿದ್ದರು. ಒಬ್ಬನು ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸುವುದು, ಕೆಳಗಿನವನು ‘ಬಂತು’, ‘ಹೋಯಿತು’ ಎಂದು ಕೂಗುವುದು, ಇವೆಲ್ಲವೂ ಆಗಿನ ಸ್ಥಾಪನವಿಧಿಯ ಅಂಗಗಳಾಗಿದ್ದವು.

ಆ ಪೆಟ್ಟಿಗೆಯು ಅಗ್ಗವಾಗಿ ದೊಡ್ಡದಾಗುವುದು ಶಕ್ಯವಿರಲಿಲ್ಲ. ಅದರೊಳಗಣ ಗಾಜಿನ ನಳಿಗೆಯಲ್ಲಿ ನಿರ್ವಾತವಿರಬೇಕು. ಹೊರಗಿನ ವಾಯುವಿನ ಒತ್ತಡವನ್ನು ತಡೆಯಲು ಗಾಜು ದಪ್ಪವಾಗಿರಬೇಕು. ಕಿರಣವು ಕಂಠದಿಂದ ಹೊರಟು ತೆರೆಯ ಅಂಚುಗಳನ್ನು ಮುಟ್ಟಲು ಪೆಟ್ಟಿಗೆಗೆ ಆಳವಿರಬೇಕು. ತೆರೆ ಹಿಗ್ಗಿದಂತೆಲ್ಲ ಭಾರವೂ ಬೆಲೆಯೂ ಹಿಗ್ಗುತ್ತಿದ್ದವು. ಆದುದರಿಂದ ವರ್ತಕರು ಎಷ್ಟು ಸ್ಪರ್ಧಿಸಿದರೂ ದೊಡ್ಡ ತೆರೆಯು ಸಾಮಾನ್ಯರ ಮನೆಗೆ ಬರಲು ಬೇರೊಂದು ತತ್ತ್ವವೇ ಬೇಕಾಗಿತ್ತು.

೩

ಆ ತತ್ತ್ವವು ದ್ರವಸ್ಫಟಿಕ. ೧೮೮೮ರಲ್ಲಿ ಆಸ್ಟ್ರಿಯದ ಸಸ್ಯಶಾಸ್ತ್ರಜ್ಞನಾದ ಫ್ರೀಡ್ರಿಕ್ ರೈನಿಟ್ಸರನು ಕೊಲೆಸ್ಟರಾಲಿನ ಒಂದು ಸಂಯುಕ್ತವನ್ನು ಕಾಯಿಸುತ್ತಿರಲು ಅದು ೧೪೫ ಡಿಗ್ರಿಯ ಸುಮಾರಿನಲ್ಲಿ ಕರಗಿ ಕದಡಿದ ದ್ರವವಾಯಿತು. ೧೭೮ ಡಿಗ್ರಿಯನ್ನು ದಾಟಿದಾಗ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ದ್ರವಣಸ್ಥಾನಗಳು. ನಡುವಣ ಅವಸ್ಥೆಯಲ್ಲಿ ಅದು ಹರಿಯುವುದರಲ್ಲಿ ದ್ರವ, ಬೆಳಕನ್ನು ನಡೆಸುವುದರಲ್ಲಿ ಸ್ಫಟಿಕ. ಇದರಿಂದ ಕಾಸಿನ ಲಾಭವುಂಟೆಂದು ಆಗ ಯಾರೂ ಎಣಿಸಿರಲಿಲ್ಲ. ಎಂಬತ್ತು ವರ್ಷಗಳ ತರುವಾಯ, ೧೯೬೮ರಲ್ಲಿ, ಅಮೆರಿಕದ ಜಾರ್ಜ್ ಹೈಲ್‌ಮೈಯರನ ಬಳಗವು ಇದರಿಂದ ಚಿತ್ರ ತೋರಿಸಬಹುದೆಂದು ಪ್ರಕಟಿಸಿತು. ೧೯೭೦ರಲ್ಲಿ ಶಾಟ್ ಮತ್ತು ಹೆಲ್‌ಫ್ರಿಖ್ ಎಂಬವರು ಅಣುಗಳನ್ನು ತಿರುಚಿ ನಿಲ್ಲಿಸುವ ವಿನ್ಯಾಸವನ್ನು ಸ್ವಿಟ್ಜರ್ಲೆಂಡಿನಲ್ಲಿ ರೂಪಿಸಿದರು. ೧೯೭೩ರಲ್ಲಿ ಇಂಗ್ಲೆಂಡಿನ ಜಾರ್ಜ್ ಗ್ರೇ ಎಂಬವನು ಸಾಮಾನ್ಯ ಉಷ್ಣತೆಯಲ್ಲಿಯೂ ಕೆಡದೆ ನಿಲ್ಲುವ ದ್ರವಸ್ಫಟಿಕಗಳನ್ನು ಸಿದ್ಧಪಡಿಸಿದನು.

ಕನ್ನಡನಾಡಿನ ಪಾಲು ಬರುವುದು ಈ ಘಟ್ಟದಲ್ಲಿಯೇ. ೧೯೬೧ರಿಂದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಆಚಾರ್ಯರಾಗಿದ್ದ ಶಿವರಾಮಕೃಷ್ಣ ಚಂದ್ರಶೇಖರ್ ಅವರು ೧೯೭೧ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಗೆ ಬಂದು ದ್ರವಸ್ಫಟಿಕಗಳ ಪ್ರಯೋಗಶಾಲೆಯನ್ನು ಕಟ್ಟಿದರು. ಅದುವರೆಗೆ ದ್ರವಸ್ಫಟಿಕದ ಅಣುವು ಕಡ್ಡಿಯಂತೆ ನೀಳವಾಗಿರಬೇಕೆಂಬುದು ಸ್ಥಿರವಾದ ನಂಬಿಕೆಯಾಗಿತ್ತು. ೧೯೭೭ರಲ್ಲಿ ಚಂದ್ರಶೇಖರ್, ಸದಾಶಿವ, ಸುರೇಶ್ ಎಂಬ ಮೂವರು ತಟ್ಟೆಯಂಥ ಅಣುಗಳೂ ಒಂದರ ಮೇಲೊಂದು ಸ್ತಂಭವಾಗಿ ನಿಂತು ದ್ರವಸ್ಫಟಿಕವಾಗಬಲ್ಲವೆಂದು ‘ಪ್ರಮಾಣ’ ಎಂಬ ಭಾರತೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಅಣುವಿನ ನಡುವೆ ಬೆಂಜೀನಿನ ಉಂಗುರ, ಸುತ್ತಲೂ ಆರು ಸರಪಣಿಗಳು. ಆರು ಅರೆಕಾಲುಗಳ ಚಕ್ರವನ್ನು ಹೋಲುವ ರೂಪ.

ಈ ಶೋಧದ ಫಲವೇನೆಂಬ ಪ್ರಶ್ನೆಗೆ ಉತ್ತರವನ್ನು ಅಳತೆಗೆಟ್ಟು ಹೇಳಬಾರದು. ತಿರುಚಿದ ವಿನ್ಯಾಸದ ತೆರೆಗಳಿಗೆ ಒಂದು ದೋಷವಿತ್ತು: ಎದುರಿನಿಂದ ನೋಡಿದರೆ ಚಿತ್ರವು ಸ್ಪಷ್ಟ, ಪಕ್ಕದಿಂದಲೋ ಕೆಳಗಿನಿಂದಲೋ ನೋಡಿದರೆ ಬಣ್ಣವು ವಿಕೃತ. ೧೯೯೦ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆಯವರು ಚಕ್ರಾಕಾರದ ಅಣುಗಳಿಂದ ಮಾಡಿದ ತೆಳುಪೊರೆಯನ್ನು ಅಂಟಿಸಿ ಈ ದೋಷವನ್ನು ಬಹುಮಟ್ಟಿಗೆ ಕಳೆದರು. ಆ ಪೊರೆಯಲ್ಲಿದ್ದುವು ಬೆಂಗಳೂರಿನ ಅಣುಗಳೇ ಅಲ್ಲ, ಅದೇ ಜಾತಿಯವು. ಆ ಪೊರೆಯು ಹೆಚ್ಚಾಗಿ ಸೇರಿದುದು ಗಣಕಯಂತ್ರದ ತೆರೆಗಳಿಗೆ. ಆದುದರಿಂದ ಚಪ್ಪಟೆ ತೆರೆಯನ್ನು ಬೆಂಗಳೂರು ಕಂಡುಹಿಡಿಯಿತೆಂಬುದು ಅತ್ಯುಕ್ತಿ. ಅದಕ್ಕೂ ಬೆಂಗಳೂರಿಗೂ ಸಂಬಂಧವೇ ಇಲ್ಲವೆಂಬುದು ಅಜ್ಞಾನ. ಚಂದ್ರಶೇಖರ್ ಅವರು ೨೦೦೪ರಲ್ಲಿ ತೀರಿಕೊಂಡರು. ಚಪ್ಪಟೆ ತೆರೆಯು ಇಲ್ಲಿಯ ಮನೆಮನೆಗೆ ಬಂದುದು ಅನಂತರ.

೪

ಬೆಲೆಯಿಳಿದ ಕ್ರಮವನ್ನು ಇನ್ನು ನೋಡತಕ್ಕದ್ದು. ೩೨ ಅಂಗುಲದ ಸಾಧಾರಣ ತೆರೆಯೊಂದರಲ್ಲಿ ಅಡ್ಡಕ್ಕೆ ೧೩೬೬, ಉದ್ದಕ್ಕೆ ೭೬೮ ಬಿಂದುಗಳಿರುತ್ತವೆ. ಒಂದೊಂದು ಬಿಂದುವಿಗೂ ಕೆಂಪು, ಹಸುರು, ನೀಲಿ ಎಂದು ಮೂರು ಕವಾಟಗಳು. ಒಟ್ಟು ಮೂವತ್ತೊಂದು ಲಕ್ಷಕ್ಕೆ ಮೇಲ್ಪಟ್ಟವು. ಪ್ರತಿಯೊಂದಕ್ಕೂ ಸೂಕ್ಷ್ಮವಾದ ಟ್ರಾನ್ಸಿಸ್ಟರು ಗಾಜಿನ ಮೇಲೆಯೇ ರಚಿತವಾಗಬೇಕು. ಒಂದೊಂದು ತೆರೆಯನ್ನು ಬೇರೆಬೇರೆಯಾಗಿ ಮಾಡಿದರೆ ಇದು ಅರಸರಿಗಷ್ಟೇ ದಕ್ಕುತ್ತಿತ್ತು. ಆದರೆ ೨೨೦೦ಕ್ಕೆ ೨೫೦೦ ಮಿಲಿಮೀಟರಿನ ಒಂದೇ ಮಹಾಫಲಕದ ಮೇಲೆ ಎಲ್ಲವನ್ನೂ ಒಮ್ಮೆಗೇ ರಚಿಸಿ ಕತ್ತರಿಸಿದರೆ ೩೨ ಅಂಗುಲದ ಹದಿನೆಂಟು ತೆರೆಗಳು ದೊರೆಯುತ್ತವೆ. ಬೆಲೆಯು ಇಳಿದುದರ ಮುಖ್ಯ ರಹಸ್ಯವಿದು. ಭಾರತದಲ್ಲಿ ಸರಕು ಮತ್ತು ಸೇವಾ ತೆರಿಗೆಯೂ ೩೨ ಅಂಗುಲದವರೆಗಿನ ತೆರೆಗಳಿಗೆ ೨೦೧೯ರ ಜನವರಿಯಿಂದ ಶೇಕಡಾ ೨೮ರಿಂದ ೧೮ಕ್ಕೂ, ಅದಕ್ಕೆ ಮೀರಿದವುಗಳಿಗೆ ೨೦೨೫ರ ಸೆಪ್ಟೆಂಬರ್ ೨೨ರಿಂದ ಅಷ್ಟಕ್ಕೇ ಇಳಿಯಿತು. ವರ್ತಕರ ಸ್ಪರ್ಧೆಯು ಇವುಗಳ ಮೇಲಣ ಕಲಶವೇ ಹೊರತು ಅಡಿಪಾಯವಲ್ಲ.

೫

ಈ ಚರಿತ್ರೆಯನ್ನು ತಿಳಿದವನಿಗೆ ಕೊಳ್ಳುವಾಗ ಪ್ರಯೋಜನವುಂಟು. ಅಂಗಡಿಯಲ್ಲಿ ಹೇಳುವ ಅಂಗುಲವು ಅಗಲವಲ್ಲ, ಕರ್ಣ. ಬೌಧಾಯನ ಶುಲ್ಬಸೂತ್ರವು ಅಕ್ಷ್ಣಯಾರಜ್ಜುವೆಂದು ಕರೆದ ರೇಖೆಯೇ ಇದು. ಕರ್ಣದ ವರ್ಗವು ಭುಜಗಳ ವರ್ಗಗಳ ಮೊತ್ತವೆಂಬ ನಿಯಮದಂತೆ, ೧೬ಕ್ಕೆ ೯ರ ಪ್ರಮಾಣದ ೩೨ ಅಂಗುಲದ ತೆರೆಗೆ ಅಗಲ ಸುಮಾರು ೨೮, ಎತ್ತರ ಸುಮಾರು ೧೫ ಮುಕ್ಕಾಲು ಅಂಗುಲ. ಹಳೆಯ ಪೆಟ್ಟಿಗೆಗಳ ಪ್ರಮಾಣವು ೪ಕ್ಕೆ ೩ ಆಗಿದ್ದಿತು. ಆ ಲೆಕ್ಕದಲ್ಲಿ ಇದೇ ಎತ್ತರಕ್ಕೆ ೨೬ ಅಂಗುಲದ ಕರ್ಣವೇ ಸಾಕು. ಆದಕಾರಣ ಹಳೆಯ ೨೯ ಅಂಗುಲದ ಪೆಟ್ಟಿಗೆಯನ್ನು ಬಿಟ್ಟು ೩೨ ಅಂಗುಲದ ತೆರೆಯನ್ನು ತಂದ ಮನೆಯವರಿಗೆ ಮುಖಗಳು ಚಿಕ್ಕದಾದಂತೆ ತೋರಿದುದು ಭ್ರಾಂತಿಯಲ್ಲ. ಇನ್ನು ದೂರ: ಕರ್ಣದ ಒಂದೂವರೆಯಿಂದ ಎರಡೂವರೆ ಪಾಲು, ಎಂದರೆ ೩೨ ಅಂಗುಲಕ್ಕೆ ನಾಲ್ಕರಿಂದ ಆರೂವರೆ ಅಡಿ.

ಎತ್ತರದ ವಿಷಯದಲ್ಲಿ ತಪ್ಪುವವರೇ ಬಹಳ. ತೂಗುಹಾಕಲು ಬಂದವನು ತೆರೆಯನ್ನು ಬಾಗಿಲಿನ ಮೇಲಣ ದೇವರ ಪಟದ ಸಾಲಿಗೆ ಏರಿಸುವುದುಂಟು. ಅಗ್ಗದ ತೆರೆಗಳಲ್ಲಿ ಮೇಲೆ ಹೇಳಿದ ದೃಷ್ಟಿಕೋನದ ದೋಷವು ಪೂರ್ತಿಯಾಗಿ ಹೋಗಿರುವುದಿಲ್ಲವಾದುದರಿಂದ ಕೆಳಗಿನಿಂದ ನೋಡುವವರಿಗೆ ಬಣ್ಣವು ಮಾಸಿ ಕಾಣುತ್ತದೆ, ಕುತ್ತಿಗೆಯೂ ನೋಯುತ್ತದೆ. ಕುಳಿತವರ ಕಣ್ಣಿನ ಮಟ್ಟಕ್ಕೆ ತೆರೆಯ ಮಧ್ಯವು ಬರಬೇಕು. ಚಾಪೆಯ ಮೇಲೆ ಕೂಡುವ ಮನೆಯಲ್ಲಿ ಅದು ಇನ್ನೂ ಕೆಳಗಿರಬೇಕು. ಅಂಗಡಿಯ ಬೆಳಕಿಗೆ ತಕ್ಕಂತೆ ಹೊಳಪನ್ನು ಏರಿಸಿಟ್ಟಿದ್ದರೆ ಮನೆಗೆ ತಂದ ದಿನವೇ ಇಳಿಸತಕ್ಕದ್ದು.

೧೯೭೫ರಲ್ಲಿ ಊರಿಗೊಂದಾಗಿದ್ದುದು ಈಗ ಮನೆಗೊಂದಾಗಿದೆ. ನೆರೆಯವರು ಬಂದು ಕೂಡುವ ಪದ್ಧತಿಯು ಇದರಿಂದ ಕ್ಷೀಣಿಸಿದುದು ನಷ್ಟವೇ. ಆದರೆ ಇಲ್ಲದವನು ಇದ್ದವನ ಹೊಸ್ತಿಲಲ್ಲಿ ನಿಂತು ಇಣುಕಬೇಕಾದ ಸಂಕೋಚವೂ ಅದರೊಡನೆಯೇ ಕಳೆದುದು ಲಾಭ. ಆ ಲಾಭವನ್ನು ತಂದ ಜ್ಞಾನಪರಂಪರೆಯು ಲಾಭವನ್ನೆಣಿಸದೆ ಹೊರಟುದು. ಅದರಲ್ಲಿ ರೈನಿಟ್ಸರನ ಹೆಸರನ್ನು ಹೇಳುವ ಪಾಠಗಳು ಮೈಸೂರು ಬೆಂಗಳೂರುಗಳ ಹೆಸರನ್ನೂ ಹೇಳುವುದು ನ್ಯಾಯ.